ಸ್ಪೀಕರಿಗೆ ಹಚ್ಚಿದ ಕುಂಕುಮ

"ಸರ, ಮೊದಲ ಎಲ್ಲೆರೆ ಸ್ಪೀಕರ್ ಸುಟ್ಟೀರೇನ್ರಿ?"

ಕಳೆದ ಶನಿವಾರ ಬೆಳಗಾವಿಯ ಟಿಳಕವಾಡಿಯ ನಮ್ಮ ಮನೆಯಲ್ಲಿ ಹೋಂ ಥಿಯೇಟರ್ ಜೋಡಿಸುತ್ತಿದ್ದ ಮೆಕ್ಯಾನಿಕ್ ಹೀಗೆ ಕೇಳಿದಾಗ ನನ್ನ ಕೈ ವಾಲ್ಯೂಮಿನ ಗುಂಡಿಯ ಮೇಲಿತ್ತು. ಆತ ಸಂಶಯಪಟ್ಟು ಕೇಳಿದ್ದಲ್ಲ, ಎಲ್ಲ ಗಿರಾಕಿಗಳನ್ನೂ ಕೇಳುವ ಮಾತು. "ಇಲ್ಲ" ಎಂದೆ. ಐವತ್ತು ದಾಟಿದ, ಮಗಳ ಮದುವೆ ಮಾಡಿ ಮುಗಿಸಿದ ಮನುಷ್ಯ ಇಷ್ಟು ಸರಾಗವಾಗಿ ಸುಳ್ಳು ಹೇಳಬಲ್ಲನೆಂದು ನೀವು ನಂಬಲಿಕ್ಕಿಲ್ಲ. ಈ ವಿಷಯದಲ್ಲಿ ನನಗೆ ಹಳೆಯ ರೂಢಿಯಿದೆ.

"ಸಣ್ಣ ಡಬ್ಬಿಗೊಳಿಗೆ ಬಾಸ್ ಕಳಸಬ್ಯಾಡ್ರಿ, ಅದು ಈ ದೊಡ್ಡ ಡಬ್ಬಿ ಕೆಲಸ" ಎಂದು ಆತ ಪಾಠ ಶುರುಮಾಡಿದ. "ಧ್ವನಿ ಒಡದಂಗ ಕೇಳಿಸ್ತಂದ್ರ ಕೂಡಲೇ ಇಳಸ್ರಿ. ಅಂಪ್ಲಿಫಾಯರಿಗೆ ದಮ್ ಹತ್ತಿರತೈತಿ. ಆಮ್ಯಾಲೂ ಏರಿಸಿದ್ರ ಒಳಗಿನ ಕಾಯಿಲ್ ಸುಟ್ಟ ಹೋಗತೈತ್ರಿ."

ಒಡೆದ ಧ್ವನಿ ಹೇಗಿರುತ್ತದೆಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹನ್ನೆರಡು ವರ್ಷದ ಹಿಂದೆ, ಖಾನಾಪುರದಲ್ಲಿ ನನ್ನ ಅಣ್ಣನ ಮನೆಯಲ್ಲಿ ಅದನ್ನು ನಾನೇ ಹೊರಡಿಸಿದ್ದೆ.

ಅಣ್ಣ ಅಲ್ಲಿನ ಒಂದು ಹೆಂಚಿನ ಕಾರ್ಖಾನೆಯ ಆಫೀಸಿನಲ್ಲಿದ್ದ. ತನಗಾಗಿ, ಬರೀ ತನ್ನ ಖುಷಿಗಾಗಿ ಅವನು ತಂದುಕೊಂಡ ಒಂದೇ ವಸ್ತುವೆಂದರೆ ಆ ಹೋಂ ಥಿಯೇಟರ್. ಸಿನಿಮಾದಲ್ಲಿ ಬಾಗಿಲು ಕಿರುಗುಟ್ಟಿದಾಗ ಸೋಫಾದ ಮೇಲಿನ ನೆಂಟರು ಬೆಚ್ಚಿ ಹಿಂದೆ ತಿರುಗಿ ನೋಡಿದರೆ ಅವನಿಗೆ ಪರಮಾನಂದ. ಅದನ್ನು ತೋರಿಸಲಿಕ್ಕೆಂದೇ ಜನರನ್ನು ಚಹಾಕ್ಕೆ ಕರೆಯುತ್ತಿದ್ದ. ಧೂಳು ಕೂಡಬಾರದೆಂದು ವೈನಿ, ಅಂದರೆ ನನ್ನ ಅತ್ತಿಗೆ, ತಮ್ಮದೊಂದು ಹಳೆಯ ಸೀರೆ ಕತ್ತರಿಸಿ ಐದೂ ಸಣ್ಣ ಡಬ್ಬಿಗಳಿಗೆ ಕುಲಾವಿ ಹೊಲಿದಿದ್ದರು. ವೈನಿಯ ತವರಿನದು ಮರಾಠಿ. ನಮ್ಮೊಡನೆ ಕನ್ನಡವನ್ನೇ ಆಡುತ್ತಿದ್ದರು, ಆದರೆ ಬಹಳ ಸಂತೋಷವಾದಾಗ, ಇಲ್ಲವೇ ಹೆದರಿದಾಗ ಮಾತ್ರ ಬಾಯಿಗೆ ಮರಾಠಿ ಬರುತ್ತಿತ್ತು.

ಅಂದು ಖಂಡೇ ನವಮಿ, ಆಯುಧಪೂಜೆಯ ದಿನ; ಹಬ್ಬಕ್ಕೆಂದು ನಾನು ಅಲ್ಲಿಗೆ ಹೋಗಿದ್ದೆ. ಅಣ್ಣ ಕಾರ್ಖಾನೆಯ ಪೂಜೆಗೆ ಹೋಗಿದ್ದ. ವೈನಿ ಈಳಿಗೆ, ಹೊಲಿಗೆ ಯಂತ್ರ, ಮಿಕ್ಸರ್, ಸ್ಕೂಟರ್ ಎಲ್ಲವನ್ನೂ ಒರೆಸಿ, ಪೂಜಿಸಿ, ಕುಂಕುಮದ ಬಟ್ಟಲು ಹಿಡಿದು ಸ್ಪೀಕರಿನ ಮುಂದೆ ನಿಂತರು.

"ಭಾವುಜಿ, ಇದಕ್ಕ ಎಲ್ಲಿ ಹಚ್ಚಲಿ?" ಎಂದು ಮೈದುನನಾದ ನನ್ನನ್ನು ಕೇಳಿದರು.

"ಮ್ಯಾಲ ಕಟ್ಟಿಗಿಗೆ ಹಚ್ಚರಿ ವೈನಿ. ನಡುವ ಬ್ಯಾಡ" ಎಂದೆ. ಅವರು ನಾನು ಬೆರಳಿಟ್ಟು ತೋರಿಸಿದ ಜಾಗದಲ್ಲೇ, ಒಂದೊಂದು ಡಬ್ಬಿಯ ನೆತ್ತಿಗೆ, ಕಾಳಿನಷ್ಟು ಕುಂಕುಮ ಇಟ್ಟು ಒಳಗೆ ಹೋದರು. ಈ ಮಾತನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ನಾನು ಮರೆತವನಂತೆ ಬಹಳ ವರ್ಷ ನಟಿಸಿದ್ದೇನೆ.

ಆಮೇಲೆ ಬಾಜೂ ಮನೆಯವರು ನಾಲ್ಕು ಮಂದಿ ಬಂದು ಕೂತರು. ಅಣ್ಣನಿಲ್ಲದ ಹೊತ್ತಿನಲ್ಲಿ ನಾನೇ ಯಜಮಾನ. ಡೋಲು ತಾಷೆಯ ರೆಕಾರ್ಡಿಂಗ್ ಹಚ್ಚಿದೆ. ನಮ್ಮ ಕಡೆಯವರಿಗೆ ಡೋಲು ಎದೆಗೆ ಬಡಿಯದಿದ್ದರೆ ಕೇಳಿದಂತೆಯೇ ಅಲ್ಲ. ಬಾಸ್ ಪೂರ್ತಿ ತಿರುಗಿಸಿದೆ, ವಾಲ್ಯೂಮ್ ಏರಿಸಿದೆ. ಡೋಲಿನ ಪೆಟ್ಟು ಬರ್ರ್ ಎಂದು ಒಡೆಯತೊಡಗಿತು. ನನಗದು ಕೇಳಿಸಿತು. ಆದರೂ ಒಬ್ಬರು "ಏನ್ ಆವಾಜ್ ಐತಿ ರೀ!" ಎಂದರಲ್ಲ, ಅಷ್ಟಕ್ಕೇ ಉಬ್ಬಿ ಇನ್ನೂ ಏರಿಸಿದೆ. ಸುಟ್ಟ ವಾರ್ನಿಷಿನ ವಾಸನೆ ಬಂತು. ಎಡಗಡೆಯ ಡಬ್ಬಿ ಮೂಕವಾಯಿತು.

ಅದೇ ಹೊತ್ತಿಗೆ ಅಣ್ಣ ಕಾರ್ಖಾನೆಯ ಮೂವರನ್ನು ಕರೆದುಕೊಂಡು ಬಂದ. ಹೋಂ ಥಿಯೇಟರ್ ತೋರಿಸಲಿಕ್ಕೇ ಕರೆತಂದಿದ್ದ.

"ಏನಾತೋ?" ಎಂದ.

ಏನೇನೋ ಹೇಳಬಹುದಿತ್ತು. ಕರೆಂಟಿನ ಮೇಲೆ ಹಾಕಬಹುದಿತ್ತು, ಕರೆಂಟಿಗೆ ಮರ್ಯಾದೆಯ ಪ್ರಶ್ನೆ ಇರುವುದಿಲ್ಲ. ನಾನು ಹೇಳಿದ್ದು ಇದು: "ವೈನಿ ಹಸಿ ಕುಂಕುಮ ಹಚ್ಯಾರ. ನೀರು ಒಳಗ ಇಳದಿರಬೇಕು."

"ಇಷ್ಟೂ ತಿಳ್ಯೂದಿಲ್ಲೇನ ನಿನಗ?" ಎಂದು ಅಣ್ಣ ಎಲ್ಲರೆದುರಿಗೆ ಹೆಂಡತಿಯ ಮೇಲೆ ಕೂಗಿದ. ಬಾಗಿಲಲ್ಲಿ ನಿಂತಿದ್ದ ವೈನಿ ನನ್ನನ್ನು ಒಮ್ಮೆ ನೋಡಿದರು. ನಾನು ವೈರುಗಳನ್ನು ಪರೀಕ್ಷಿಸುವವನಂತೆ ತಲೆ ಬಗ್ಗಿಸಿದೆ. "ಚುಕ್ಲಂ ಮಾಝಂ" ಎಂದರು ಅವರು. ತಪ್ಪಾಯಿತು, ನನ್ನದೇ ತಪ್ಪು ಎಂದು.

ಅಣ್ಣನ ಸಿಟ್ಟು ಎರಡು ದಿನದಲ್ಲಿ ಇಳಿಯಿತು, ಡಬ್ಬಿಯೂ ರಿಪೇರಿಯಾಯಿತು. ಸಿಟ್ಟು ಹೋದ ಜಾಗಕ್ಕೆ ಚೇಷ್ಟೆ ಬಂತು. ಯಾವ ನೆಂಟರು ಬಂದರೂ ಕುಂಕುಮದ ಕಥೆ, ಎಲ್ಲರ ನಗು. ನಾನೂ ನಕ್ಕಿದ್ದೇನೆ. ಮರುವರ್ಷದ ಖಂಡೇ ನವಮಿಯಲ್ಲಿ ವೈನಿ ಹೊಲಿಗೆ ಯಂತ್ರಕ್ಕೆ ಕುಂಕುಮ ಹಚ್ಚಿ, ಸ್ಪೀಕರುಗಳಿಗೆ ಮಾತ್ರ ದೂರದಿಂದ ಕೈ ಮುಗಿದರು. ಬರಬರುತ್ತ ಟಿವಿಯ ಸ್ವಿಚ್ಚನ್ನೂ ಮುಟ್ಟದಾದರು. ನೋಡಬೇಕೆನಿಸಿದರೆ ಯಾರಾದರೂ ಹಚ್ಚಿಕೊಡಲಿ ಎಂದು ಕಾಯುತ್ತ ಕೂಡುತ್ತಿದ್ದರು. ತನ್ನ ಮನೆಯಲ್ಲೇ ಹೀಗೆ ಕಾಯುವ ಹೆಂಗಸನ್ನು ನೋಡಿಯೂ ನಾನು ಊಟಮಾಡಿ, ಎಲೆ ಅಡಿಕೆ ಹಾಕಿಕೊಂಡು ಬೆಳಗಾವಿಯ ಬಸ್ಸು ಹತ್ತುತ್ತಿದ್ದೆ.

ಮೆಕ್ಯಾನಿಕ್ ಬಂದುಹೋದ ಮರುದಿನ ಭಾನುವಾರ ಖಾನಾಪುರದವರು ನಮ್ಮ ಹೊಸ ಸೆಟ್ ನೋಡಲು ಬಂದರು. ವೈನಿ ಡಬ್ಬಿಗಳಿಂದ ಆದಷ್ಟು ದೂರದ ಕುರ್ಚಿ ಹಿಡಿದರು. ಅಣ್ಣ ನನ್ನ ಅಳಿಯನಿಗೆ ಹೇಳಿದ: "ನಿಮ್ಮ ದೊಡ್ಡತ್ತಿ ಕೈಯಾಗ ಕುಂಕುಮದ ಬಟ್ಟಲಾ ಕೊಡಬ್ಯಾಡ್ರೆಪಾ!" ಎಲ್ಲರೂ ನಕ್ಕರು. ವೈನಿಯೂ ನಕ್ಕು, ಎರಡೂ ಕೈಯನ್ನು ಸೆರಗಿನೊಳಗೆ ಎಳೆದುಕೊಂಡರು. ಆಮೇಲೆ ಚಹಾ ಮಾಡುವ ನೆಪದಲ್ಲಿ ಎದ್ದರು.

ನಾನು ಹಿಂದೆಯೇ ಹೋದೆ. "ವೈನಿ, ಆವತ್ತು ಸ್ಪೀಕರ್ ಸುಟ್ಟಾಂವ ನಾನರಿ. ನಿಮ್ದೇನೂ ತಪ್ಪಿರಲಿಲ್ಲ."

ಅವರು ಗ್ಯಾಸು ಸಣ್ಣ ಮಾಡಿದರು. "ನೀವು ತೋರಿಸಿದಲ್ಲೇ ಹಚ್ಚಿದ್ದೆ" ಎಂದರು. ನನ್ನ ಕಡೆ ತಿರುಗದೆಯೇ, "ಪಡಸಾಲ್ಯಾಗ ಅಷ್ಟು ಮಂದಿ ಮುಂದ ಅಂದದ್ದನ್ನ ಅಡಗಿಮನ್ಯಾಗ ನನಗೊಬ್ಬಾಕಿಗೇ ಹೇಳಿದ್ರ ಹೆಂಗ್ರಿ, ಭಾವುಜಿ?" ಎಂದರು.

ಅಲ್ಲಿಂದ ಪಡಸಾಲೆಗೆ ಏಳೆಂಟು ಹೆಜ್ಜೆ. ಹೋಗಿ, ಸಿನಿಮಾ ನಿಲ್ಲಿಸಿ, ಹೆಂಡತಿ, ಮಗಳು, ಅಳಿಯ ಎಲ್ಲರೂ ನೋಡುತ್ತಿರುವಂತೆ ಹೇಳಿದೆ. ಕುಂಕುಮ ಎಲ್ಲಿಗೆ ಹಚ್ಚಬೇಕೆಂದು ತೋರಿಸಿದವನೂ ನಾನೇ ಎಂಬುದನ್ನೂ ಬಿಡಲಿಲ್ಲ.

ಅಣ್ಣ ಬಯ್ಯುತ್ತಾನೆಂದುಕೊಂಡಿದ್ದೆ, ಬಯ್ದರೆ ಹಗುರಾಗುತ್ತಿತ್ತು. ಅವನು ಮೊದಲು ನಗಲು ಹೋದ, ನಗು ಅರ್ಧಕ್ಕೇ ನಿಂತಿತು. "ಹಂಗಾರ ಹನ್ನೆರಡು ವರ್ಷ ನಾ ಅಕಿಗೆ ಅಂದದ್ದೆಲ್ಲಾ ಏನೋ ಅದು?" ಎಂದ.

ಅವನು ಎದ್ದು ಅಡುಗೆಮನೆಗೆ ಹೋದ. ಹೆಂಡತಿ, ಮಗಳು ನನ್ನ ಮುಖ ನೋಡಲಿಲ್ಲ. ಒಳಗೆ ಅಣ್ಣ, ವೈನಿ ಏನು ಮಾತಾಡಿದರೋ ನನಗೆ ತಿಳಿಯದು. ಕಿವಿಗೊಟ್ಟು ಕೇಳುವ ಮುಖ ನನಗಿರಲಿಲ್ಲ.