ನಮ್ಮ ಅತ್ತೆ ಮತ್ತು ಹಿಂದಿನ ಕೋಣೆಯ ಅಕ್ಕೋರು

ಮಾನ್ವಿಯ ನಮ್ಮ ಮನೆಯ ಹಿಂಭಾಗದಲ್ಲಿ ಎರಡು ಕೋಣೆಗಳಿದ್ದವು. ನಾನು ರಾಯಚೂರಿನಿಂದ ಸೊಸೆಯಾಗಿ ಬಂದ ಮರುವರ್ಷ, ಎಪ್ಪತ್ತರ ದಶಕದ ಕೊನೆಯಲ್ಲಿ, ಇಬ್ಬರು ಹೆಂಗಸರು ಅಲ್ಲಿಗೆ ಬಾಡಿಗೆಗೆ ಬಂದರು. ಒಬ್ಬರು ಖಾಸಗಿ ದವಾಖಾನೆಯಲ್ಲಿ ನರ್ಸು, ನಲವತ್ತರ ಹತ್ತಿರದವರು. ಇನ್ನೊಬ್ಬರು ಹೆಣ್ಣುಮಕ್ಕಳ ಶಾಲೆಯಲ್ಲಿ ಟೀಚರು, ಮೂವತ್ತೂ ತುಂಬಿರಲಿಲ್ಲ. ಶಾಲೆಯಲ್ಲಿ ಕಲಿಸುವ ಹೆಂಗಸರನ್ನು ನಮ್ಮ ಕಡೆ ಅಕ್ಕೋರು ಎನ್ನುತ್ತಾರೆ. ತಾವು ಗೆಳತಿಯರು ಎಂದರು. ಯಾರೂ ಹೆಚ್ಚು ಕೇಳಲಿಲ್ಲ. ಮದುವೆಯಾಗದ ಇಬ್ಬರು ಹೆಂಗಸರು ದುಡಿದುಕೊಂಡು, ಒಂದೇ ಒಲೆಯಲ್ಲಿ ಬೇಯಿಸಿಕೊಂಡು ಮರ್ಯಾದೆಯಿಂದ ಇದ್ದಾರಲ್ಲ ಎಂದು ಓಣಿಯೆಲ್ಲ ಮೆಚ್ಚಿಕೊಂಡಿತ್ತು.

ನರ್ಸಮ್ಮನ ಮೇಲೆ ನನಗಂತೂ ಬಹಳ ಅಭಿಮಾನ. ನನ್ನ ಮೊದಲ ಹೆರಿಗೆ ಕಷ್ಟವಾದಾಗ ಪಕ್ಕ ಬಿಟ್ಟು ಕದಲದೆ ನಿಂತು ನನ್ನನ್ನೂ ಮಗಳನ್ನೂ ಉಳಿಸಿದವರು ಅವರೇ. ಆ ಕೈಗಳೇ ಮನೆಯೊಳಗೆ ಇನ್ನೊಂದು ಕೆಲಸ ಮಾಡುತ್ತಿವೆ ಎಂದು ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ಅದನ್ನು ಮೊದಲು ಕಂಡದ್ದು ನಮ್ಮ ಅತ್ತೆ.

ಅತ್ತೆ ಮಲ್ಲಟದ ಕುರಿ ಸಾಕುವ ಮನೆತನದವರು. ಮಾವ ತೀರಿಕೊಂಡು ವರ್ಷಗಳಾಗಿದ್ದವು. ನನ್ನ ಗಂಡ ರಾಯಚೂರಿನ ಹತ್ತಿ ಬಿಡಿಸುವ ಜಿನ್ನಿಂಗ್ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದು ವಾರಕ್ಕೊಮ್ಮೆ ಬರುತ್ತಿದ್ದರು. ಹಾಗಾಗಿ ಮನೆಯಲ್ಲಿ ನಾವಿಬ್ಬರೇ ಹೆಂಗಸರು, ಜೊತೆಗೆ ನನ್ನ ಕೂಸು. ಮೊದಮೊದಲು ಅಕ್ಕೋರು ಸಂಜೆ ನಮ್ಮ ಅಡುಗೆಮನೆಗೆ ಬಂದು ರೊಟ್ಟಿ ಬಡಿಯುತ್ತ ಹರಟುತ್ತಿದ್ದರು. ಬರಬರುತ್ತ ಬರುವುದು ನಿಂತಿತು. ಶಾಲೆ ಬಿಡುವ ಹೊತ್ತಿಗೆ ನರ್ಸಮ್ಮ ಗೇಟಿನ ಹತ್ತಿರ ಹೋಗಿ ನಿಂತಿರುತ್ತಿದ್ದರು. ಅದನ್ನು ನಾನು ಪ್ರೀತಿ ಎಂದುಕೊಂಡೆ. ವೈಶಾಖದ ಉರಿಬಿಸಿಲಿನಲ್ಲೂ ಅಕ್ಕೋರು ಮಣಿಕಟ್ಟಿನವರೆಗೆ ತೋಳಿರುವ ಕುಪ್ಪಸ ತೊಡತೊಡಗಿದರು. ಅದನ್ನು ಶಿಸ್ತು ಎಂದುಕೊಂಡೆ.

ಒಂದು ಭಾನುವಾರ ಮಧ್ಯಾಹ್ನ ಗೋಡೆಯಾಚೆ ಪಾತ್ರೆ ಬಿದ್ದ ಸದ್ದು. ಆಮೇಲೆ ಏನೋ ಮೆತ್ತಗಿನದು ಗೋಡೆಗೆ ಬಡಿದ ಸದ್ದು. ಅತ್ತೆ ಕೈಯಲ್ಲಿದ್ದ ಕೆಲಸ ಬಿಟ್ಟು ಚರಿಗೆಯಲ್ಲಿ ಮಜ್ಜಿಗೆ ತುಂಬಿಕೊಂಡು ಹೋಗಿ ಬಾಗಿಲು ಬಡಿದರು. ನಾನೂ ಹಿಂದೆಯೇ ಹೋದೆ. ನರ್ಸಮ್ಮ ನಗುತ್ತಲೇ ಬಾಗಿಲು ತೆರೆದರು. ಒಳಗೆ ಅಕ್ಕೋರು ಗೋಡೆಗೆ ಮುಖ ಮಾಡಿ ಮಲಗಿದ್ದು ಕಂಡಿತು.

"ಬಚ್ಚಲದಾಗ ಕಾಲು ಜಾರಿ ಬಿದ್ದಾಳ್ರೀ ಯವ್ವಾ. ಏನಾಗಿಲ್ಲ, ಮಲಗ್ಯಾಳ."

"ಹೌದ್ರಿ? ಮಜ್ಜಿಗಿ ಕುಡಸ್ರಿ, ಬಿಸಲು ಭಾಳ ಅದ," ಎಂದಷ್ಟೇ ಹೇಳಿ ಅತ್ತೆ ಮರಳಿದರು. ಜಗಳ ಮಾಡಲಿಲ್ಲ. ಮನೆಗೆ ಬಂದ ಮೇಲೆ ನನಗೆ ಹೇಳಿದರು: "ಬಚ್ಚಲದಾಗ ಬಿದ್ದಾಕಿ ಸೀರಿ ಒಣಗೇ ಅದ. ನೋಡ್ದಿಲ್ಲೇನು?"

ಮಾರನೆಯ ದಿನ ನರ್ಸಮ್ಮ ಡ್ಯೂಟಿಗೆ ಹೋದದ್ದನ್ನು ಕಂಡು, ತಲೆಗೆ ಎಣ್ಣೆ ಹಚ್ಚುತ್ತೇನೆಂದು ಅತ್ತೆ ಅಕ್ಕೋರನ್ನು ಕರೆದು ಕೂರಿಸಿಕೊಂಡರು. ಹರಳೆಣ್ಣೆ ಬೆಚ್ಚಗೆ ಮಾಡಿ ತಿಕ್ಕುತ್ತಿದ್ದ ಅವರ ಬೆರಳು ಕಿವಿಯ ಹಿಂದಿನ ಗಾಯಕ್ಕೆ ತಾಗಿ ನಿಂತಿತು. ಯಾರು ಮಾಡಿದ್ದು ಎಂದು ಅವರು ಕೇಳಲಿಲ್ಲ. ತಮ್ಮ ಕಥೆ ಹೇಳತೊಡಗಿದರು. ಮಾವ ಕುರಿ ಕಾಯುವ ಕೋಲಿನಿಂದಲೇ ಹೊಡೆಯುತ್ತಿದ್ದದ್ದು, ಹೊಡೆದ ಮರುದಿನ ಸಂತೆಯಿಂದ ಬಳೆ ತಂದುಕೊಡುತ್ತಿದ್ದದ್ದು, ಆ ಬಳೆ ತೊಟ್ಟುಕೊಂಡು ತವರಿಗೆ ಹೋಗಿ "ಚೊಲೋ ಇದೀನಿ" ಎನ್ನುತ್ತಿದ್ದದ್ದು. ಆ ಮನೆಯಲ್ಲಿ ಅಷ್ಟು ದಿನ ಇದ್ದರೂ ನಾನು ಇದನ್ನೆಲ್ಲ ಕೇಳಿದ್ದು ಅವತ್ತೇ.

ಅಕ್ಕೋರು ನಿಧಾನಕ್ಕೆ ಅಂದರು: "ನಿಮಗ ಹೊಡದಾಂವ ಗಂಡ್ರೀ ಯವ್ವಾ. ಅದಕ್ಕೊಂದು ಹೆಸರದ. ನಂದಕ್ಕ ಹೆಸರಿಲ್ಲ. ಹೆಂಗಸು ಹೆಂಗಸಿಗೆ ಹೊಡದ್ಲು ಅಂದ್ರ ಮಂದಿ ನಗ್ತಾರ."

"ಹೆಸರ ತಗೊಂಡು ಏನ್ ಮಾಡೂದೈತವ್ವಾ? ಬಾವು ಬಂದದಲ್ಲ? ಗಂಡ ಹೊಡದ್ರೂ ಹೊಡ್ತನ, ಗೆಳತಿ ಹೊಡದ್ರೂ ಹೊಡ್ತನ."

ಅಕ್ಕೋರಿಗೆ ದುಃಖ ಒತ್ತರಿಸಿ ಬಂತು. ನರ್ಸಮ್ಮ ಬರೀ ಕೆಟ್ಟವರಲ್ಲ ಎಂದರು. ತಮಗೆ ಟೈಫಾಯ್ಡ್ ಬಂದಾಗ ಅನ್ನನೀರು ಬಿಟ್ಟು ಪಕ್ಕದಲ್ಲಿ ಕೂತಿದ್ದವರಂತೆ. ಆದರೆ ಬೇರೆ ಯಾರ ಜೊತೆ ನಕ್ಕರೂ ಸಿಟ್ಟು. ಬಿಟ್ಟು ಹೋಗುತ್ತೇನೆಂದರೆ, ಗುಂಜಹಳ್ಳಿಯಲ್ಲಿರುವ ನಿನ್ನ ಅಣ್ಣಂದಿರಿಗೂ ಶಾಲೆಯ ಹೆಡ್‌ಮಾಸ್ತರರಿಗೂ ನಮ್ಮಿಬ್ಬರ ವಿಷಯ ಹೇಳಿಬಿಡುತ್ತೇನೆ ಎಂಬ ಬೆದರಿಕೆ. ಹೇಳಿದರೆ ನೌಕರಿಯೂ ಇಲ್ಲ, ತವರೂ ಇಲ್ಲ. "ಈಗ ನಿಮಗೂ ಗೊತ್ತಾತು. ಮನಿ ಬಿಡ್ರಿ ಅಂತೀರೇನೋ," ಎಂದು ತಲೆ ತಗ್ಗಿಸಿದರು.

ಅತ್ತೆಯ ಕೈ ಜಡೆ ಹೆಣೆಯುವುದನ್ನು ನಿಲ್ಲಿಸಲಿಲ್ಲ. "ನಮ್ಮ ಕುರಿಹಟ್ಟಿಯಾಗ ಇಬ್ರು ಹೆಂಗಸ್ರು ಇದ್ರು. ಒಂದ ಗುಡಸಲದಾಗ ಬಾಳೇವು ಮಾಡಿದ್ರು. ಒಬ್ಬಾಕಿ ಸತ್ತಾಗ ಇನ್ನೊಬ್ಬಾಕಿ ಗಂಡನ್ನ ಕಳಕೊಂಡಾಕಿ ಅತ್ತಂಗ ಅತ್ಲು. ಯಾರೂ ಏನೂ ಅನ್ನಲಿಲ್ಲ. ನೀವಿಬ್ರು ಕೂಡಿ ಇರೂದ್ರಾಗ ನನಗ ತಪ್ಪು ಕಾಣಾಕತ್ತಿಲ್ಲ. ಕೈ ಎತ್ತೂದು ತಪ್ಪು. ನೀ ಇರ್ತೀನಂದ್ರ ಇರು, ಹೋಗ್ತೀನಂದ್ರ ಹೋಗು. ಅದು ನಿನಗ ಬಿಟ್ಟದ್ದು. ನಮ್ಮ ಹಿತ್ತಲ ಬಾಗಲಕ್ಕ ಮಾತ್ರ ಇವತ್ತಿನಿಂದ ಚಿಲಕ ಹಾಕಂಗಿಲ್ಲ."

ಅತ್ತೆಯನ್ನು ನೆನೆದಾಗಲೆಲ್ಲ ನನಗೆ ಆ ಮಾತು ನೆನಪಾಗುತ್ತದೆ. ಬಿಟ್ಟುಬಿಡು ಎಂದು ಅವರು ಒಮ್ಮೆಯೂ ಅವಸರಿಸಲಿಲ್ಲ. ಅಕ್ಕೋರು ಇನ್ನೂ ಕೆಲವು ತಿಂಗಳು ಅಲ್ಲೇ ಇದ್ದರು. ನನಗೆ ತಾಳ್ಮೆ ತಪ್ಪುತ್ತಿತ್ತು, ಅತ್ತೆಗೆ ತಪ್ಪಲಿಲ್ಲ. ಒಗೆದ ಬಟ್ಟೆಯ ನೆಪದಲ್ಲಿ ಅಕ್ಕೋರ ಒಂದೊಂದೇ ಸೀರೆ ನಮ್ಮ ಪೆಟ್ಟಿಗೆ ಸೇರಿತು. ವಾರದ ಕೊನೆಗೆ ಬಂದ ನನ್ನ ಗಂಡ ನಮ್ಮಿಂದ ಎಲ್ಲ ಕೇಳಿಸಿಕೊಂಡು, "ಓಣಿ ಹಿರಿಯರನ್ನ ಕೂಡಿಸಿ ಬಗಿಹರಿಸೋಣು ಯವ್ವಾ," ಎಂದರು. ಅತ್ತೆ ಒಪ್ಪಲಿಲ್ಲ. "ಪಂಚಾಯ್ತಿ ಕಟ್ಟಿಗೆ ಒಯ್ದ್ರ ಹೊಡದದ್ದು ಯಾರೂ ಕೇಳಂಗಿಲ್ಲಪಾ. ಇಬ್ರೂ ಯಾಕ ಕೂಡಿದ್ರು ಅಂತ ಕೇಳ್ತಾರ," ಎಂದರು. ನನ್ನ ಗಂಡ ಹೌದು ಎಂದು ತಲೆಯಾಡಿಸಿದರು. ಶಿಕ್ಷಣ ಇಲಾಖೆಯಲ್ಲಿ ವರ್ಗಾವಣೆಗೆ ಹೇಗೆ ಕೇಳಬೇಕೆಂದು ರಾಯಚೂರಿನಲ್ಲಿ ವಿಚಾರಿಸಿಕೊಂಡು ಬಂದವರು ಅವರೇ.

ಮಳೆಗಾಲ ಕಳೆದ ಮೇಲೆ ಒಂದು ದಿನ ನರ್ಸಮ್ಮ ಶಾಲೆಯೊಳಗೇ ನುಗ್ಗಿ, ಹುಡುಗಿಯರ ಎದುರಿಗೆ ಅಕ್ಕೋರ ಮಣಿಕಟ್ಟು ಹಿಡಿದು ಎಳೆದರು. ಅವತ್ತು ಸಂಜೆ ಹಿತ್ತಲ ಬಾಗಿಲು ಸರಿಯಿತು. ಅಕ್ಕೋರು ಒಳಗೆ ಬಂದು ಒಲೆಯ ಪಕ್ಕ ಕೂತರು. "ಮಕ್ಕಳು ನೋಡಿದ್ರು ಯವ್ವಾ. ಸಾಕಾತು. ಹೋಗ್ತೀನ್ರಿ."

ಸ್ವಲ್ಪ ಹೊತ್ತಿಗೆ ಮುಂಬಾಗಿಲಿಗೆ ನರ್ಸಮ್ಮ ಬಂದರು. ಅತ್ತೆ ಹೊಸ್ತಿಲ ಮೇಲೆ ಕೂತುಬಿಟ್ಟರು. ದಾಟಿ ಹೋಗಲು ಜಾಗವೇ ಇರಲಿಲ್ಲ. ನಾನು ಕೂಸನ್ನು ಅವಚಿಕೊಂಡು ಒಳಗೆ ನಿಂತಿದ್ದೆ.

"ಆಕಿನ್ನ ಕಳಸ್ರಿ ಯವ್ವಾ."

"ಆಕಿ ಬರಂಗಿಲ್ರಿ."

"ಆಕಿ ಎಂಥಾಕಿ ಅಂತ ನಿಮಗ ಗೊತ್ತಿಲ್ಲ. ಹೇಳಿದ್ರ ನೀವ ಹೊರಗ ಹಾಕ್ತೀರಿ."

"ಎಲ್ಲಾ ಗೊತ್ತದ. ನೀವಿಬ್ರೂ ಗಂಡ ಹೆಂಡ್ತಿ ಇದ್ದಂಗ ಇದ್ರಿ. ಅದರಾಗ ಹೇಳಾಕ ಏನದ?"

ನರ್ಸಮ್ಮ ಒಂದು ಹೆಜ್ಜೆ ಹಿಂದೆ ಸರಿದರು. ಅಷ್ಟು ದಿನ ಅಕ್ಕೋರನ್ನು ಕಟ್ಟಿಹಾಕಿದ್ದ ಮಾತನ್ನು ಒಬ್ಬ ಮುದುಕಿ ತೌಡಿನಂತೆ ಊದಿ ಹಾರಿಸಿದ್ದರು.

ಅತ್ತೆ ದನಿ ಎತ್ತರಿಸಲಿಲ್ಲ. "ನನ್ನ ಸೊಸಿನ್ನ, ಮೊಮ್ಮಗಳನ್ನ ಉಳಿಸೀರಿ. ಆ ಉಪಕಾರ ಮರಿಯಂಗಿಲ್ಲ. ಓಣ್ಯಾಗ ನಿಮ್ಮ ಸುದ್ದಿ ನನ್ನ ಬಾಯಿಂದ ಬರಂಗಿಲ್ಲ. ಆದ್ರ ಆಕಿ ಸುದ್ದಿ ನೀವು ಹೇಳಿದ್ರ ಅದರ ಕೂಡ ನಿಮ್ಮದೂ ಹೊರಗ ಬರ್ತದ. ವಿಚಾರ ಮಾಡ್ರಿ."

ನರ್ಸಮ್ಮ ಕುಸಿದು ಕೂತು ಅತ್ತರು. ಅತ್ತೆ ನನ್ನಿಂದ ನೀರು ತರಿಸಿ ಕುಡಿಸಿದರು, ಬೆನ್ನ ಮೇಲೆ ಕೈಯಾಡಿಸಿದರು. ಆದರೆ ಹೊಸ್ತಿಲು ಬಿಟ್ಟು ಏಳಲಿಲ್ಲ.

ಮರುದಿನ ಬೆಳಿಗ್ಗೆ ಅತ್ತೆ ಅಕ್ಕೋರನ್ನು ಕರೆದುಕೊಂಡು ಬಸ್ಸು ಹತ್ತಿದರು. ಹೋದದ್ದು ಮೊದಲು ಗುಂಜಹಳ್ಳಿಗೆ, ಅಣ್ಣಂದಿರ ಮನೆಗೇ. ಅಲ್ಲಿ ಕೂತು ರೊಟ್ಟಿ ಉಂಡು, "ನಿಮ್ಮ ತಂಗಿ ನನ್ನ ಮಗಳಿದ್ದಂಗ. ಒಂದು ಮನ್ಯಾಗ ಇರೂದು ಹೊಂದಿಕಿ ಆಗಲಿಲ್ಲ. ಇನ್ನ ದೇವದುರ್ಗದಾಗ ನನ್ನ ತಂಗಿ ಮನ್ಯಾಗ ಇರ್ತಾಳ. ಯಾರರ ಬಂದು ಇಲ್ಲದ್ದು ಹೇಳಿದ್ರ ನನ್ನ ಕೇಳ್ರಿ," ಎಂದು ಹೇಳಿ ಬಂದರಂತೆ. ಹಿರಿಯ ಹೆಂಗಸು ಮನೆಗೆ ಬಂದು ಹೇಳಿದ ಮೇಲೆ ಅಣ್ಣಂದಿರು ಒಪ್ಪಿಕೊಂಡರು. ಆ ಉಪಾಯ ಯಾರು ಹೇಳಿಕೊಟ್ಟರು ಎಂದು ಕೇಳಿದರೆ ಅತ್ತೆ ನಕ್ಕರು: "ತ್ವಾಳ ಬರೂಕಿಂತ ಮೊದ್ಲ ಹಟ್ಟಿ ಮುಂದ ನಾವು ಹೋಗಿ ನಿಂದ್ರಬೇಕು."

ನರ್ಸಮ್ಮ ಯಾರಿಗೂ ಏನೂ ಹೇಳಲಿಲ್ಲ. ಯುಗಾದಿಗೆ ಮೊದಲೇ ಕೋಣೆ ಖಾಲಿ ಮಾಡಿ ಬೇರೆ ಊರಿಗೆ ಹೋದರು. ಹೊರಡುವಾಗ ನನ್ನ ಮಗಳ ಕೆನ್ನೆ ಮುಟ್ಟಿ ಹೋದರು. ಅವರ ಬಗ್ಗೆ ಒಂದೇ ಮಾತಿನಲ್ಲಿ ಒಳ್ಳೆಯವರು, ಕೆಟ್ಟವರು ಎಂದು ಹೇಳಲು ನನಗೆ ಇವತ್ತಿಗೂ ಆಗುವುದಿಲ್ಲ. ಅಕ್ಕೋರಿಗೆ ದೇವದುರ್ಗದ ಹತ್ತಿರದ ಶಾಲೆಗೆ ವರ್ಗವಾಯಿತು. ಅತ್ತೆಯ ತಂಗಿಯ ಮನೆಯಲ್ಲಿ ಒಂದಷ್ಟು ಕಾಲ ಇದ್ದು, ಆಮೇಲೆ ತಾವೇ ಮನೆ ಹಿಡಿದರು. ಮೊದಲ ವರ್ಷ ಬಾಗಿಲು ಬಡಿದರೆ ತೆರೆಯುವ ಮೊದಲು ಯಾರೆಂದು ಎರಡೆರಡು ಸಲ ಕೇಳುತ್ತಿದ್ದರಂತೆ. ಆದರೂ ಒಂದು ದಿನವೂ ಶಾಲೆ ತಪ್ಪಿಸಲಿಲ್ಲ.

ಎಂಬತ್ತರ ದಶಕದ ನಡುವೆ ನಾನು ಮಗಳನ್ನು ಕರೆದುಕೊಂಡು ಅವರನ್ನು ನೋಡಲು ಹೋದೆ. ಆಗ ಅವರ ಜೊತೆ ಬಟ್ಟೆ ಹೊಲಿಯುವ ಒಬ್ಬ ವಿಧವೆ ಇದ್ದರು, ಮನೆಯಲ್ಲಿ ದಖನಿ ಉರ್ದು ಆಡುವ ಮುಸ್ಲಿಂ ಹೆಂಗಸು. ಊಟಕ್ಕೆ ಕೂತಾಗ ಪುಂಡಿಪಲ್ಯಕ್ಕೆ ಖಾರ ಹೆಚ್ಚಾಯಿತೆಂದು ಇಬ್ಬರಿಗೂ ಮಾತು ಬೆಳೆಯಿತು. ಆಕೆ ಸೌಟು ಕುಕ್ಕಿ, "ನಾಳಿಂದ ನೀನ ಮಾಡ್ಕೋ, ಹೋಗ ಬೇ!" ಎಂದರು. ನನ್ನ ತುತ್ತು ಕೈಯಲ್ಲೇ ನಿಂತಿತು. ಅಕ್ಕೋರು ಅದಕ್ಕಿಂತ ದೊಡ್ಡ ದನಿ ತೆಗೆದು, "ಮಾಡ್ತೀನಿ! ನಿನ್ನಕಿಂತ ಚೊಲೋ ಮಾಡ್ತೀನಿ!" ಎಂದರು. ಆಕೆ ಮೂತಿ ತಿರುಗಿಸಿದರು. ಮರುಕ್ಷಣ ಅಕ್ಕೋರ ತಟ್ಟೆಗೆ ಮೊಸರು ಹಾಕಿದರು. ನನ್ನ ಮುಖ ನೋಡಿ ಅಕ್ಕೋರು ಗಟ್ಟಿಯಾಗಿ ನಕ್ಕರು. "ಅಂಜಬ್ಯಾಡ್ರಿ. ಇದು ಜಗಳ. ಅದು ಬ್ಯಾರೆ ಇತ್ತು."

ಮಾನ್ವಿಗೆ ಮರಳಿ ಅತ್ತೆಗೆ ಇದನ್ನು ಹೇಳಿದೆ. ಆಗಲೇ ಅವರ ಕಣ್ಣು ಮಂಜಾಗಿತ್ತು. ಪೂರ್ತಿ ಕೇಳಿಸಿಕೊಂಡು, "ಜಗಳದಾಗ ಯಾರು ಗೆದ್ರು?" ಎಂದರು.

"ಅಕ್ಕೋರು, ಅತ್ತಿ. ಆದ್ರ ಮೊಸರು ಹಾಕಿದ್ದು ಆಕಿ."

"ಹಂಗಾದ್ರ ಇಬ್ರೂ ಗೆದ್ರು ಬಿಡು," ಎಂದು ಅತ್ತೆ ಗೋಡೆಗೆ ಒರಗಿ, ಪಲ್ಯಕ್ಕೆ ನಿಜವಾಗಿಯೂ ಖಾರ ಹೆಚ್ಚಾಗಿತ್ತೇ ಎಂದು ವಿಚಾರಿಸತೊಡಗಿದರು.