ಮುಗಿಲವ್ವನ ಕೇಪು

ಆ ಬರಗಾಲದ ವರ್ಷಗಳಲ್ಲಿ ನಮ್ಮ ಬೀದರ ಕಡೆಯ ಬಸ್ಸುಗಳಿಗೆಲ್ಲ ಒಂದೇ ಸದ್ದಿತ್ತು. ಟಾಪಿನ ಮೇಲೆ ಹಗ್ಗಕ್ಕೆ ಪೋಣಿಸಿ ಕಟ್ಟಿದ ಖಾಲಿ ಪ್ಲಾಸ್ಟಿಕ್ ಕೊಡಗಳು ರಸ್ತೆಯ ಒಂದೊಂದು ತಗ್ಗಿಗೂ ಒಂದಕ್ಕೊಂದು ಬಡಿದು ಡಬ್ ಡಬ್ ಎನ್ನುತ್ತಿದ್ದವು. ಊರು ಬಿಟ್ಟು ಹೈದರಾಬಾದಿಗೋ ಪುಣೆಗೋ ಕಟ್ಟಡದ ಕೆಲಸಕ್ಕೆ ಹೊರಟವರು ಮೊದಲು ಕೊಡ ಕಟ್ಟಿಕೊಳ್ಳುತ್ತಿದ್ದರು, ಹಾಸಿಗೆ ಆಮೇಲೆ. ಮಾರ್ಚ್ ತಿಂಗಳ ಒಂದು ಶುಕ್ರವಾರ ಅಂಥದೇ ಸದ್ದಿನ ಕೆಳಗೆ ಕೂತು ನಾನು ಬೀದರದಿಂದ ಭಾಲ್ಕಿಗೆ ಹೊರಟೆ. ಬ್ಯಾಗಿನಲ್ಲಿ ಅಳತೆಯ ಟೇಪು, ಸೂಜಿಗಳ ಡಬ್ಬಿ, ಎರಡು ಕತ್ತರಿ. ಒಬ್ಬ ಸೂಪರ್‌ಹೀರೋಗೆ ಬಟ್ಟೆ ಹೊಲಿಯಬೇಕಿತ್ತು. ನನಗಾಗ ಅರವತ್ತೆಂಟು ವರ್ಷ.

ಹೊಲಿಗೆ ನನ್ನ ಕಸುಬು. ಕಲಿತದ್ದು ಕಾನ್ವೆಂಟಿನಲ್ಲಿ, ಮುಂದೆ ಅಲ್ಲಿಯೇ ನೀಡಲ್‌ವರ್ಕ್ ಟೀಚರ್ ಆಗಿ ಕಲಿಸಿದ್ದೂ ಅದನ್ನೇ. ಹರಿದ ಬಟ್ಟೆಯನ್ನು ಹರಿದದ್ದೇ ಗೊತ್ತಾಗದ ಹಾಗೆ ಹೆಣೆಯುವ ಇನ್‌ವಿಸಿಬಲ್ ಡಾರ್ನಿಂಗ್‌ನಲ್ಲಿ ನನಗೆ ಹೆಸರಿತ್ತು. ಕಾನ್ವೆಂಟಿನ ಸಿಸ್ಟರ್ ಒಮ್ಮೆ ನಾನು ಹೆಣೆದ ಆಲ್ಟರ್ ಕ್ಲಾತನ್ನು, ಚರ್ಚಿನ ಪೂಜಾಪೀಠದ ಹಾಸನ್ನು, ಕಿಟಕಿಯ ಬೆಳಕಿಗೆ ಹಿಡಿದು ತೂತು ಎಲ್ಲಿತ್ತೆಂದು ಹುಡುಕಿ ಸೋತಿದ್ದರು. ಐ ಮಸ್ಟ್ ಕನ್ಫೆಸ್, ಆ ಹೆಮ್ಮೆಯನ್ನು ನಾನು ಜನ್ಮವೆಲ್ಲ ಸಾಕಿಕೊಂಡು ಬಂದೆ.

ನನ್ನನ್ನು ಕರೆದವಳು ಸವಿತಾ. ಖಟಕ ಚಿಂಚೋಳಿಯ ಹುಡುಗಿ, ಒಂದು ಕಾಲಕ್ಕೆ ನನ್ನ ವಿದ್ಯಾರ್ಥಿನಿ, ಆಗ ಭಾಲ್ಕಿಯಲ್ಲಿ ನರ್ಸ್. ಅವಳ ಹುಚ್ಚು ಬೇರೆಯದು. ಹೈದರಾಬಾದಿನಲ್ಲಿ ವರ್ಷಕ್ಕೊಮ್ಮೆ ಕಾಮಿಕ್ಸ್ ಪ್ರಿಯರ ಕನ್ವೆನ್ಷನ್ ಆಗುತ್ತದಂತೆ. ಮೆಚ್ಚಿನ ಹೀರೋನ ವೇಷವನ್ನು ಸ್ವಂತ ಕೈಯಿಂದ ಮಾಡಿ ಹಾಕಿಕೊಂಡು ಹೋಗಬೇಕಂತೆ. ಬಾಡಿಗೆ ವೇಷಕ್ಕೆ ಅಲ್ಲಿ ಮರ್ಯಾದೆಯಿಲ್ಲವಂತೆ. "ಮೂರು ವರ್ಸ ಬ್ಯಾರೆಯವರ ಹೀರೋ ಆಗಿ ಹೋಗೇನ್ರಿ ಮಿಸ್," ಎಂದಿದ್ದಳು ಫೋನಿನಲ್ಲಿ. "ಈ ಸಲ ನಮ್ಮ ಊರಾಕಿನ್ನ ಕರ್ಕೊಂಡು ಹೋಗ್ತೇನಿ."

ಭಾಲ್ಕಿ ನಲವತ್ತು ಕಿಲೋಮೀಟರ್, ಟಿಕೆಟ್ಟಿಗೂ ಹತ್ತಿರ ಹತ್ತಿರ ಅಷ್ಟೇ ರೂಪಾಯಿ. ಹನ್ನೊಂದಕ್ಕೆ ಇಳಿದಾಗ ಬಸ್‌ಸ್ಟ್ಯಾಂಡಿನ ನಲ್ಲಿಗೆ ಗೋಣಿತಾಟು ಸುತ್ತಿಟ್ಟಿದ್ದರು. ಕರೆಯಲು ಬಂದಿದ್ದ ಸವಿತಾ, ನಾನು ಹೋಟೆಲಿನಲ್ಲಿ ಮಂಡಕ್ಕಿಯ ಸುಸಲಾ, ಮಿರ್ಚಿ ಭಜಿ ತಿಂದೆವು. ನೀರು ಕೇಳಿದರೆ ಮಾಣಿ "ಚಹಾನೇ ಕುಡೀರಿ ಬಾಯಿ, ಅದರಾಗೂ ನೀರೇ ಅದ," ಎಂದು ನಕ್ಕ.

ಸವಿತಾಳ ಬಾಡಿಗೆ ಕೋಣೆ ಅರ್ಧ ಆಸ್ಪತ್ರೆ, ಅರ್ಧ ಕಾರ್ಖಾನೆಯಂತಿತ್ತು. ಮಕ್ಕಳು ಆಡುವ ಫೋಮ್ ಚಾಪೆಯನ್ನು ಇಸ್ತ್ರಿಪೆಟ್ಟಿಗೆಯಿಂದ ಕಾಯಿಸಿ, ಮೊಣಕಾಲ ಮೇಲೆ ಬಗ್ಗಿಸಿ, ಎದೆಗವಚ ಮಾಡಿದ್ದಳು. ಭುಜಕ್ಕೂ ಅದೇ ಫೋಮ್, ಮೇಲೆ ಬೆಳ್ಳಿ ಬಣ್ಣ. ಹಳೆಯ ಎಕ್ಸ್‌ರೇ ಫಿಲ್ಮ್ ಕತ್ತರಿಸಿ ಕಣ್ಣಿನ ಮಾಸ್ಕ್. ಸಲಾಯಿನ್ ಟ್ಯೂಬಿನೊಳಗೆ ನೀಲಿ ಬಣ್ಣ ತುಂಬಿ ತೋಳಿಗೆ ಮಿಂಚು. ನೋಟ್‌ಬುಕ್ಕಿನಲ್ಲಿ ಹೀರೋಯಿನ್ನಿನ ಚಿತ್ರವಿತ್ತು: ಮುಗಿಲವ್ವ, ಕುರಿ ಕಾಯುವವಳು. ಹೆಗಲ ಮೇಲಿನ ಕರಿಕಂಬಳಿಯೇ ಅವಳ ಮೋಡ. ಅದನ್ನು ಝಾಡಿಸಿ ಕೊಡವಿದರೆ ಮಳೆ.

ಆದರೆ ಆ ಕೇಪಿಗೆ ಅವಳು ತಂದಿಟ್ಟದ್ದು ಹೊಳೆಯುವ ಕರಿ ಸ್ಯಾಟಿನ್. ಹೊದ್ದು ತಿರುಗಿದಳು. ಲಗ್ನದ ಪೆಂಡಾಲಿನ ಪರದೆ ಗಾಳಿಗೆ ಬಂದು ಮೈಗೆ ಸುತ್ತಿಕೊಂಡಂತೆ ಕಂಡಿತು.

"ಛೇ, ಇದರಾಗ ಮೋಡ ಎಲ್ಲದ? ಖರೇ ಕಂಬಳಿನೇ ಬೇಕು," ಎಂದೆ. ಹಾಗೆಂದವಳು ನಾನು. ಅದನ್ನು ಇಲ್ಲಿಯೇ ಬರೆದಿಡುತ್ತೇನೆ.

ನನಗೆ ಥಟ್ಟನೆ ನೆನಪಾದವಳು ಸಿದ್ದಮ್ಮ. ಔರಾದದಾಚೆಯ ಹಳ್ಳಿಯವಳು, ಪ್ರತಿ ಚಳಿಗಾಲ ಬೀದರದ ಮೈಲೂರಿನ ನಮ್ಮ ಮನೆಗೆ ಕಂಬಳಿ ಹೊತ್ತು ಬರುತ್ತಿದ್ದಳು. ಅವಳು ನೂಲುವವಳು, ಗಂಡ ನೇಯುವವ, ಕುರಿ ಮನೆಯವೇ. ನಮ್ಮ ಮೆಟ್ಟಿಲ ಮೇಲೆ ಕೂತು ಬಸಿಯಲ್ಲಿ ಚಹಾ ಕುಡಿದು, ನನ್ನ ಹೊಲಿಗೆ ನೋಡಿ "ನಿಮ್ಮ ಸೂಜಿ ಇಂಗ್ಲೀಷ್ ಮಾತಾಡ್ತದ ಟೀಚರ್‌ಬಾಯಿ," ಎಂದು ನಗಿಸುತ್ತಿದ್ದಳು. ಆ ವರ್ಷದ ಚಳಿಗಾಲ ಮಾತ್ರ ಬಂದಿರಲಿಲ್ಲ.

ಮರುದಿನ ಶನಿವಾರ ವೇಷವನ್ನೆಲ್ಲ ಕಟ್ಟಿಕೊಂಡು ಬೆಳಗಿನ ಬಸ್ಸಿಗೆ ಭಾಲ್ಕಿಯಿಂದ ಔರಾದಕ್ಕೆ ಹೋದೆವು. ಹಳ್ಳಿಹಳ್ಳಿಗೂ ನಿಂತು ಎರಡು ತಾಸಿಗೂ ಹೆಚ್ಚು ಹಿಡಿಯಿತು. ಹತ್ತು ಗಂಟೆಗೇ ಬಿಸಿಗಾಳಿ. ಹೊಲಗಳಲ್ಲಿ ತೊಗರಿಯ ಕಟ್ಟಿಗೆ ಮೊಳಕೈ ಎತ್ತರಕ್ಕೆ ಒಣಗಿ ನಿಂತಿತ್ತು. ಸವಿತಾಳ ತೊಡೆಯ ಮೇಲಿದ್ದ ಬೆಳ್ಳಿಯ ಎದೆಗವಚ ನೋಡಿ ಕಂಡಕ್ಟರ್ ಕೇಳಿದ: "ಇದ್ಯಾವ ದೇವರ ಮುಖ ರಿ ಅಕ್ಕಾ? ಲಗೇಜ್ ಹಾಕ್ಲೋ, ಕಾಯಿ ಒಡೀಲೋ?" ಸವಿತಾ "ಮಳಿ ದೇವರು, ಫ್ರೀ ಪಾಸ್ ಅದ," ಎಂದಳು. ಬಸ್ಸು ನಕ್ಕಿತು. ಹಿಂದಿನ ಸೀಟಿನ ಮುದುಕ ಮಾತ್ರ ನಗದೆ ಕೈಮುಗಿದ.

ಔರಾದದಿಂದ ಸಿದ್ದಮ್ಮನ ಊರು ಆಟೋದಲ್ಲಿ ಅರ್ಧ ತಾಸು. ಕುರಿದೊಡ್ಡಿಯ ಬೇಲಿಯ ಬಾಗಿಲು ತೆರೆದೇ ಇತ್ತು. ಒಳಗೆ ಒಂದು ಮರಿಯೂ ಇರಲಿಲ್ಲ. ಅಂಗಳದಲ್ಲಿ ಗಂಟು ಕಟ್ಟುತ್ತಿದ್ದ ಸಿದ್ದಮ್ಮ ನನ್ನನ್ನು ಕಂಡು ಕೂತಲ್ಲೇ ಹಣೆ ಬಡಿದುಕೊಂಡಳು.

"ಅಯ್ಯ, ಟೀಚರ್‌ಬಾಯಿ! ಊರು ಬಿಡೋ ಹೊತ್ತಿಗಿ ಬಂದೀರಲ್ರಿ. ಕೂಡ್ಸಲಾಕ ಚಾಪಿನೂ ಕಟ್ಟೇನಿ."

ಕುರಿಗಳನ್ನೆಲ್ಲ ದೀಪಾವಳಿಯ ಹೊತ್ತಿಗೇ ಮಾರಿದ್ದರು. ಗಂಡ, ಮಗಳು ಆಗಲೇ ಹೈದರಾಬಾದಿನ ಕಟ್ಟಡದ ಕೆಲಸಕ್ಕೆ ಸೇರಿದ್ದರು. ಮರುದಿನ ಬೆಳಿಗ್ಗೆ ಇವಳೂ ಹೊರಡುವವಳು. ಬಂದ ಕಾರಣ ಹೇಳಿದೆವು. ಸವಿತಾ ನೋಟ್‌ಬುಕ್ ತೆರೆದು ತೋರಿಸಿದಳು. ಸಿದ್ದಮ್ಮ ಚಿತ್ರವನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದಳು.

"ಝಾಡಿಸಿದ್ರ ಮಳಿ ಬರ್ತದೇನ ಖರೇ? ಹಂಗಿದ್ರ ನನ್ನ ಗಂಡ ಈಟು ವರ್ಸ ಝಾಡ್ಸಿದ್ದಕ್ಕ ನಾವು ಮುಳುಗೇ ಹೋಗಬೇಕಿತ್ತು ಬಿಡು!"

ನಕ್ಕು ಕಣ್ಣೊರೆಸಿಕೊಂಡು ಒಳಗೆ ಹೋದಳು. ಬಿಳಿ ಧೋತರದಲ್ಲಿ ಸುತ್ತಿದ ಒಂದು ಕಂಬಳಿ ತಂದಳು. ಬಿಚ್ಚಿದಾಗ ಹುಣಸೆಬೀಜದ ಗಂಜಿಯ ವಾಸನೆ ಅಂಗಳಕ್ಕೆಲ್ಲ ಹಬ್ಬಿತು. ಅಚ್ಚ ಕರಿ ಬಣ್ಣ, ಅಂಚಿಗೆ ಒಂದೇ ಬಿಳಿ ಎಳೆ. ಅವರ ಹಿಂಡಿನ ಕೊನೆಯ ಉಣ್ಣೆ. ಮಗಳ ಲಗ್ನದ ಗದ್ದಿಗೆಗೆಂದು ನೇಯ್ದದ್ದು. ಅವರಲ್ಲಿ ಅಕ್ಕಿ ಹೊಯ್ದು ದೇವರನ್ನು ಕೂಡಿಸುವುದು ಹೊಸ ಕಂಬಳಿಯ ಮೇಲೆಯೇ. ಮಳೆ ಬಿದ್ದು ಊರಿಗೆ ಮರಳಿದ ಮೇಲೆ ಲಗ್ನ ಎಂದು ಮಾತಾಗಿತ್ತು.

"ಅಲ್ಲಿಗಿ ಒಯ್ದ್ರ ಸಿಮೆಂಟಿನ ಧೂಳಾಗ ಹಾಳಾಗ್ತದ್ರಿ. ಯಾರ ಮನ್ಯಾಗ ಇಡ್ಲಿ ಅಂತ ಅದೇ ಫಿಕರಾಗಿತ್ತು. ಈಕಿ ಎರಡು ದಿನ ಹೊತ್ಕೊಳ್ಳಿ. ಆಮ್ಯಾಲ ನಿಮ್ಮ ಟ್ರಂಕಿನ್ಯಾಗ ಇಡ್ರಿ. ಮಳಿ ಬಿದ್ದ ಮ್ಯಾಲ ನಾ ಬಂದು ಒಯ್ತೇನಿ."

ಸವಿತಾ ಕೈ ಚಾಚಲಿಲ್ಲ. "ಗದ್ದಿಗಿ ಕಂಬಳಿ ಅಂತೀರಿ. ನಾವು ಬೌದ್ಧರು ರಿ ಅಮ್ಮಾ. ಮುಂದ ಯಾರಾದ್ರೂ ಏನಾದ್ರೂ ಅಂದ್ರ?"

ಸಿದ್ದಮ್ಮ ತಾನೇ ಎದ್ದು ಕಂಬಳಿಯನ್ನು ಅವಳ ಹೆಗಲಿಗೆ ಹಾಕಿದಳು. "ಚಳಿ ಎಲ್ಲರಿಗೂ ಆಗ್ತದವ್ವ. ಖರೇ ಒಂದು ಮಾತು, ಟೀಚರ್‌ಬಾಯಿ, ನಿಮಗ ಹೇಳ್ಲತ್ತೀನಿ. ಇದಕ್ಕ ಕತ್ತರಿ ಹಚ್ಚಬ್ಯಾಡ್ರಿ. ಕಂಬಳಿ ಸವೀಬೇಕು, ಕತ್ತರಸಬಾರದು. ಕತ್ತರಿ ಬಿದ್ದದ್ದರ ಮ್ಯಾಲ ದೇವರು ಕೂಡಂಗಿಲ್ಲ."

"ಇಲ್ಲ, ಮಾತು ಕೊಡ್ತೇನಿ," ಎಂದೆ.

ಆಮೇಲೆ ಅವಳು ಕಂಬಳಿಯನ್ನು ತಲೆಯ ಮೇಲೆ ಮಡಚಿ ಕೊಪ್ಪೆ ಹಾಕಿ ತೋರಿಸಿದಳು. ಮಳೆಯಲ್ಲಿ ಕುರುಬರು ಹಾಕುವ ಆ ಮಡಿಕೆಯೇ ಮುಂದೆ ತಲೆಗೆ ಹುಡ್ ಆಗುತ್ತದೆ, ಹಿಂದೆ ಕೇಪ್ ಆಗಿ ಇಳಿಯುತ್ತದೆ. ಸವಿತಾ ಕೈ ಚಾಚಿ ನಿಂತಳು. ಬಯಲಲ್ಲಿ ನಿಜವಾಗಿಯೂ ಮೋಡವೊಂದು ಇಳಿದು ನಿಂತಂತೆ ಕಂಡಿತು.

ಔರಾದದಲ್ಲಿ ನಾವು ಉಳಿದದ್ದು ನನ್ನ ಹಳೆಯ ಸಹೋದ್ಯೋಗಿಯೊಬ್ಬರ ಮನೆಯಲ್ಲಿ. ಊಟಕ್ಕೆ ಜೋಳದ ರೊಟ್ಟಿ, ಪುಂಡಿಪಲ್ಯ. ಮಧ್ಯಾಹ್ನ ಕಾಸ್ಟ್ಯೂಮನ್ನೆಲ್ಲ ಹಾಕಿ ಟ್ರಯಲ್ ನೋಡಿದೆವು. ಫೋಮಿನ ಭುಜ ನುಣುಪು. ಸವಿತಾ ಕೈ ಎತ್ತಿದಾಗಲೆಲ್ಲ ಕೊಪ್ಪೆ ಬಿಚ್ಚಿ ಕಂಬಳಿ ಬೆನ್ನ ಹಿಂದೆ ಜಾರಿ ಬಿತ್ತು. ಪಿನ್ ಚುಚ್ಚಿದರೆ ಭಾರಕ್ಕೆ ಪಿನ್ನೇ ಬಾಗಿತು. ಮತ್ತೂ ಎರಡು ಸಲ ಬಿತ್ತು.

"ಕೊರಳಿಗೆ ಶೇಪ್ ಕೊಡದೆ ನಿಲ್ಲುವುದಿಲ್ಲ ಇದು," ಎಂದೆ.

"ಬ್ಯಾಡ್ರಿ ಮಿಸ್. ಮಾತು ಕೊಟ್ಟೇವಿ. ಸ್ಯಾಟಿನ್ನೇ ಹಾಕ್ಕೊಂಡು ಹೋಗ್ತೇನಿ, ನಡೀತದ."

"ಒಂದೇ ಒಂದು ಗೇಣು, ಸವಿತಾ. ನೀ ವಾಪಸ್ ಬಂದ ಮೇಲೆ ನಾ ಡಾರ್ನ್ ಮಾಡಿ ಇಡ್ತೀನಿ. ದೇವರಿಗೂ ಗೊತ್ತಾಗಲ್ಲ."

ಆ ಕೊನೆಯ ಮಾತು ನನ್ನ ಬಾಯಿಂದಲೇ ಬಂತು. ಚಾಕ್‌ಪೀಸಿನಿಂದ ಅರ್ಧಚಂದ್ರ ಬರೆದೆ, ಎರಡು ಸಲ ಅಳೆದೆ, ಒಂದು ಸಲ ಕತ್ತರಿಸಿದೆ. ಕಾನ್ವೆಂಟಿನಲ್ಲಿ ಕಲಿಸಿದ ಹಾಗೆಯೇ. ಆದರೆ ಕೈನೂಲಿನ ಉಣ್ಣೆ ನಾನು ಬಲ್ಲ ಬಟ್ಟೆಯಾಗಿರಲಿಲ್ಲ. ಕತ್ತರಿ ಬಿದ್ದೊಡನೆ ಗಂಜಿ ಉದುರಿ, ಎಳೆಗಳು ಒಂದೊಂದಾಗಿ ಜಾರತೊಡಗಿದವು. ಗೇಣು ಇದ್ದದ್ದು ಒಂದೂವರೆ ಗೇಣಾಯಿತು. ಗಾಬರಿಯಲ್ಲಿ ಅಂಚಿಗೆ ಆ ಮನೆಯ ಮಷೀನಿನಲ್ಲಿ ಹೊಲಿಗೆ ಹಾಕಿದೆ, ಹುಕ್ಕು ಹಚ್ಚಿದೆ. ಕೇಪ್ ಭುಜದ ಮೇಲೆ ಕೂತಿತು. ಪರ್ಫೆಕ್ಟ್ ಫಿಟಿಂಗ್. ಸವಿತಾ ಕನ್ನಡಿ ನೋಡಲಿಲ್ಲ.

ಭಾನುವಾರ ಬೆಳಿಗ್ಗೆ ಹೈದರಾಬಾದಿನ ಬಸ್ಸು ಹಿಡಿದೆವು. ನಾನು ಬೀದರದಲ್ಲಿ ಇಳಿಯುವವಳು, ಸವಿತಾ ಮುಂದೆ ಹೋಗುವವಳು. ಹತ್ತಿದೊಡನೆ ಕಿಟಕಿಯ ಪಕ್ಕದಿಂದ ದನಿ ಬಂತು: "ಬರ್ರಿ ಬರ್ರಿ, ಜಾಗ ಹಿಡದೀನಿ!" ಸಿದ್ದಮ್ಮ. ಅದೇ ಬಸ್ಸಿಗೆ ಅವಳೂ ಬಂದಾಳೆಂಬುದು ನನಗೆ ಹೊಳೆದೇ ಇರಲಿಲ್ಲ. ಗಂಟು ಸರಿಸಿ ನಮ್ಮಿಬ್ಬರನ್ನೂ ಕೂಡಿಸಿಕೊಂಡಳು.

"ಎಲ್ಲದ ನನ್ನ ಕಂಬಳಿ? ಹಾಕ್ಕೊಂಡು ತೋರ್ಸವ್ವ ಮುಗಿಲವ್ವ, ಬಸ್ಸಿನ್ಯಾಗೇ ಒಂದೀಟು ಮಳಿ ಬೀಳ್ಲಿ."

ಸವಿತಾ ನನ್ನ ಮುಖ ನೋಡಿದಳು. ಚೀಲ ನನ್ನ ತೊಡೆಯ ಮೇಲಿತ್ತು. ಸಂತಪುರ ದಾಟುವವರೆಗೂ ಅದೂ ಇದೂ ಮಾತಾಡಿದೆ. ಕೊನೆಗೆ ಸಿದ್ದಮ್ಮನೇ ಚೀಲಕ್ಕೆ ಕೈ ಹಾಕಿ ಕಂಬಳಿ ಹೊರಗೆಳೆದಳು. ಬೆರಳುಗಳು ಅಂಚಿನುದ್ದಕ್ಕೂ ಹೋಗಿ ಕೊರಳ ಹತ್ತಿರ ನಿಂತವು.

"ಜಾರುತ್ತಿತ್ತು, ಸಿದ್ದಮ್ಮ. ಸಾರಿ. ನಾ ಹೆಣೆದು ಕೊಡ್ತೇನಿ, ಗೊತ್ತೇ ಆಗುದಿಲ್ಲ—"

"ಜಾರ್ತಿತ್ತಾ?" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ಒಂದು ಹರಳು ಕಟ್ಟಬೇಕಿತ್ರಿ."

ಸೆರಗಿನ ಗಂಟಿನಿಂದ ಅಡಿಕೆಯೊಂದನ್ನು ತೆಗೆದಳು. ಅದನ್ನು ಕಂಬಳಿಯ ಮೂಲೆಯೊಳಗಿಟ್ಟು, ಹೊರಗಿನಿಂದ ನೂಲು ಸುತ್ತಿ ಬಿಗಿದಳು, ಗುಂಡಿಯಾಯಿತು. ಎದುರು ಮೂಲೆಗೆ ನೂಲಿನ ಕುಣಿಕೆ ಮಾಡಿ ಅದಕ್ಕೆ ಸಿಕ್ಕಿಸಿದಳು. ಹರಳುಗಲ್ಲಿದ್ದರೆ ಕಲ್ಲು, ಇಲ್ಲದಿದ್ದರೆ ಅಡಿಕೆ. ಕುರಿಯ ಹಿಂದೆ ಓಡುವವರು ಹೀಗೆಯೇ ಕಟ್ಟುತ್ತಾರಂತೆ. ಎಳೆದು ತೋರಿಸಿದಳು, ಅಲ್ಲಾಡಲಿಲ್ಲ. ಎಳೆಮಗುವಿಗೂ ಬರುವ ಕೆಲಸವಾದ್ದರಿಂದ ಹಿಂದಿನ ದಿನ ಹೇಳಿಕೊಡಬೇಕೆಂದು ಅವಳಿಗೆ ತೋಚಿರಲಿಲ್ಲ. ಆಟೋದಲ್ಲಿ ಅರ್ಧ ತಾಸು ಹಿಂದಕ್ಕೆ ಹೋಗಿ ಕೇಳಬೇಕೆಂದು ನನಗೂ ತೋಚಿರಲಿಲ್ಲ.

"ಗದ್ದಿಗೆಗೆ ಇನ್ನೊಂದು ನೇಯಿಸೋಣ, ಸಿದ್ದಮ್ಮ. ನಾನೇ ನೇಯಿಸಿ ಕೊಡ್ತೇನಿ."

"ಯಾವ ಕುರಿ ಉಣ್ಣಿಲೆ ರಿ, ಬಾಯಿ?"

ಮಾಂಜ್ರಾದ ಸೇತುವೆ ಬಂತು. ಕೆಳಗೆ ಮರಳಿನಲ್ಲಿ ಹೆಂಗಸರು ಕುಳಿ ತೋಡಿ ಬಟ್ಟಲಿನಿಂದ ನೀರು ಮೊಗೆಯುತ್ತಿದ್ದರು. ಬಸ್ಸಿನಲ್ಲಿ ಎಲ್ಲರೂ ಆ ಕಡೆಯ ಕಿಟಕಿಗೆ ಬಾಗಿದರು, ಸಿದ್ದಮ್ಮನೊಬ್ಬಳನ್ನು ಬಿಟ್ಟು. ಅವಳು ಗಂಟಿನಿಂದ ಕರಿ ನೂಲಿನ ಉಂಡೆ, ದಬ್ಬಣ ತೆಗೆದು, ನನ್ನ ಮಷೀನಿನ ಹೊಲಿಗೆಯನ್ನು ಹಲ್ಲಿನಿಂದ ಬಿಚ್ಚುತ್ತಿದ್ದಳು. ಜನವಾಡ ಬರುವ ಹೊತ್ತಿಗೆ ಅಂಚಿನ ಸತ್ತ ಎಳೆಗಳನ್ನು ಒಂದಕ್ಕೊಂದು ಗಂಟು ಹಾಕಲು ಶುರು ಮಾಡಿದ್ದಳು.

"ಬಿಡ್ರಿ ಅಮ್ಮಾ, ಇನ್ನ ಯಾಕ ಇದು?" ಎಂದಳು ಸವಿತಾ, ಅಳುತ್ತ.

"ಹಂಗೇ ಬಿಟ್ರ ಪೂರಾ ಬಿಚ್ಚಿ ಹೋಗ್ತದವ್ವ. ದೇವರಿಗಿ ಆಗಲಿಲ್ಲ, ನಿನಗಾದ್ರೂ ಆಗ್ಲಿ."

ಮುಂದಿನದು ಸವಿತಾ ಫೋನಿನಲ್ಲಿ ಹೇಳಿದ್ದು. ಕನ್ವೆನ್ಷನ್ನಿನ ಹಾಲಿನಲ್ಲಿ ಹುಡುಗ ಹುಡುಗಿಯರೆಲ್ಲ ಸುತ್ತುಗಟ್ಟಿ, ಆ ಹುಡ್ ಹೇಗೆ ನಿಂತಿದೆ ಎಂದು ಕೇಳಿ ಕೇಳಿ, ಅಡಿಕೆ ಕಟ್ಟುವುದನ್ನು ವಿಡಿಯೋ ಮಾಡಿಕೊಂಡರಂತೆ. ಕಂಬಳಿ ಈಗ ನನ್ನ ಟ್ರಂಕಿನಲ್ಲಿದೆ. ಮಾರನೆಯ ವರ್ಷ ಮಳೆ ಬಂತು, ಸಿದ್ದಮ್ಮ ಬರಲಿಲ್ಲ. ನಾನೇ ಒಮ್ಮೆ ಅವಳ ಊರಿಗೆ ಹೋಗಿ ವಿಚಾರಿಸಿದೆ. ಮಗಳ ಲಗ್ನ ಹೈದರಾಬಾದಿನಲ್ಲೇ, ಕಟ್ಟಡದ ಶೆಡ್ಡಿನಲ್ಲಿ ಆಯಿತೆಂದರು. ಗದ್ದಿಗೆ ಯಾವುದರ ಮೇಲೆ ಹಾಕಿದರೆಂದು ಯಾರಿಗೂ ಗೊತ್ತಿರಲಿಲ್ಲ. ನಾನು ಆ ಕಂಬಳಿಯನ್ನು ಡಾರ್ನ್ ಮಾಡಲು ಹೋಗಿಲ್ಲ.

ಆ ಭಾನುವಾರ ಬೀದರ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ಹತ್ತು ನಿಮಿಷ ನಿಂತಿತ್ತು. ನಾನು ಇಳಿದು ಸಿದ್ದಮ್ಮನ ಕಿಟಕಿಯ ಕೆಳಗೆ ಬಂದು ನಿಂತೆ. ಎರಡು ಬಾಳೆಹಣ್ಣು ಕೊಟ್ಟೆ, ಸವಿತಾ ತೆಗೆದುಕೊಂಡಳು. ಸಿದ್ದಮ್ಮ ಗಂಟು ಹಾಕುತ್ತಲೇ ಇದ್ದಳು. ಅಂಚು ಅರ್ಧ ಮುಗಿದಿತ್ತು. ಡ್ರೈವರ್ ಹಾರ್ನ್ ಹೊಡೆದ. ಬಸ್ಸು ಹಿಂದಕ್ಕೆ ಸರಿದು, ತಿರುಗಿ, ಬಿಸಿಲಿಗೆ ಬಂತು. ನಾನು ಕೈ ಎತ್ತಿದೆ. ಸಿದ್ದಮ್ಮ ತಲೆ ಎತ್ತಿ ನೋಡಿದಳು, ಗದ್ದವನ್ನಷ್ಟೇ ಅಲ್ಲಾಡಿಸಿದಳು. ನೂಲಿನ ತುದಿ ಅವಳ ತುಟಿಗಳ ನಡುವೆ ಇತ್ತು, ಎರಡೂ ಕೈ ಕಂಬಳಿಯೊಳಗಿದ್ದವು.