ದೊಡ್ಡೀರಪ್ಪ ತಿರುಗಿಸಿದ ಗೇರು

ಚಳ್ಳಕೆರೆಯ ಮಾರುಕಟ್ಟೆ ಯಾರ್ಡಿನ ಎದುರು ದೊಡ್ಡೀರಪ್ಪನ ಗ್ಯಾರೇಜು. ಎಂಜಿನ್ನಿನ ಸದ್ದು ಕೇಳಿಯೇ ಯಾವುದು ಸವೆದಿದೆ ಎಂದು ಹೇಳಬಲ್ಲ ಎಂಬ ಹೆಸರು ಅವನಿಗಿತ್ತು, ಆ ಹೆಸರಿನ ಮೇಲೆ ಅವನಿಗೆ ಜೀವ. ಅವನ ಸ್ವಂತ ಮೋಟಾರ್ ಸೈಕಲ್ಲು ಮಾತ್ರ ಹಳೇ ಕಾಲದ್ದು. ಅಕ್ಕ ಹೊನ್ನಕ್ಕನ ಗಂಡ ದಾಸಣ್ಣ ಹದಿನೆಂಟು ವರ್ಷ ಓಡಿಸಿ ಅವನಿಗೆ ಬಿಟ್ಟುಕೊಟ್ಟದ್ದು. ದಾಸಣ್ಣ ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುವವನು. ಚಳ್ಳಕೆರೆಗೆ ಬಂದಾಗಲೆಲ್ಲ ಆ ಗಾಡಿಯಲ್ಲಿ ಒಂದು ಸುತ್ತು ಹೋಗಿ ಬರದಿದ್ದರೆ ಅವನಿಗೆ ಸಮಾಧಾನವಿರಲಿಲ್ಲ.

ಆ ಗಾಡಿಯಲ್ಲಿ ಮೊದಲ ಗೇರಿಗೆ ಪೆಡಲನ್ನು ಎತ್ತಬೇಕು, ಮುಂದಿನವಕ್ಕೆ ಒತ್ತಬೇಕು. ರಿಪೇರಿಗೆ ಬರುತ್ತಿದ್ದ ಹೊಸ ಗಾಡಿಗಳಲ್ಲಿ ಎಷ್ಟೋ ಇದಕ್ಕೆ ಉಲ್ಟಾ. ದಿನವಿಡೀ ಅವನ್ನು ಓಡಿಸಿ ನೋಡಿ, ಸಂಜೆ ತನ್ನದನ್ನು ಹತ್ತಿದರೆ ಕಾಲಿಗೆ ಗೊಂದಲ. ಗಿರಾಕಿಗಳ ಮುಂದೆಯೇ ಎರಡು ಸಲ ಎಡವಟ್ಟಾಯಿತು. ೧೯೯೮ರ ದೀಪಾವಳಿ ಕಳೆದ ಮೇಲೆ ಒಂದು ಮಧ್ಯಾಹ್ನ ಅವನು ಪೆಡಲಿಗೂ ಒಳಗಿನ ಶಾಫ್ಟಿಗೂ ನಡುವೆ ಇದ್ದ ಪುಟ್ಟ ಕೊಂಡಿಯನ್ನು ಕಳಚಿ, ಮೇಲ್ಮುಖವಾಗಿದ್ದದ್ದನ್ನು ಕೆಳಮುಖ ಮಾಡಿ ಬೋಲ್ಟು ಬಿಗಿದ. ಅಷ್ಟೇ ಕೆಲಸ. ಈಗ ಒತ್ತಿದರೆ ಮೊದಲನೆಯದು, ಎತ್ತಿದರೆ ಉಳಿದವು.

ಹದಿನೈದು ದಿನಕ್ಕೆ ದಾಸಣ್ಣ ಬಂದ. ದೊಡ್ಡೀರಪ್ಪ ಯಾರದೋ ಎಂಜಿನ್ ಬಿಚ್ಚಿಕೊಂಡು ಕೂತಿದ್ದ. ಭಾವ ಕೀಲಿ ಕೇಳಿದಾಗ ತಲೆ ಎತ್ತದೆ ಗೂಟದ ಕಡೆ ಕೈ ತೋರಿಸಿದ. ಗೇರಿನ ವಿಷಯ ಹೇಳಬೇಕೆಂದು ನೆನಪಾಗುವಷ್ಟರಲ್ಲಿ ಗಾಡಿ ರಸ್ತೆಗಿಳಿದಿತ್ತು. ದಾಸಣ್ಣ ಅಭ್ಯಾಸದಂತೆ ಪೆಡಲ್ ಎತ್ತಿದ್ದ. ಎರಡನೇ ಗೇರಿಗೆ ಬಿದ್ದ ಗಾಡಿ ಎಳೆದಾಡಿತು, ಅವನು ಆಕ್ಸಿಲರೇಟರ್ ಜೋರು ಮಾಡಿದ. ವೇಗ ಬಂದ ಮೇಲೆ ಬಲವಾಗಿ ಒತ್ತಿದ. ಗಾಡಿ ಮೊದಲ ಗೇರಿಗೆ ಇಳಿದು ಗಕ್ಕನೆ ಹಿಡಿಯಿತು. ಯಾರ್ಡಿನ ಗೇಟಿನ ಮುಂದೆ ಚೆಲ್ಲಿದ್ದ ಶೇಂಗಾ ಸಿಪ್ಪೆಯ ಮೇಲೆ ಹಿಂದಿನ ಚಕ್ರ ಜಾರಿತು. ಹಮಾಲರೂ ಆಟೋದವರೂ ನೋಡುತ್ತಿದ್ದಂತೆ ದಾಸಣ್ಣ ಬಿದ್ದ. ಎಡಗೈ ಮಣಿಕಟ್ಟು ಮುರಿದಿತ್ತು.

ವಯಸ್ಸಾದ ಮೇಲೆ ಇದೆಲ್ಲ ಯಾಕೆ ಬೇಕಿತ್ತು ಎಂದು ಯಾರೋ ನಕ್ಕರು. "ಗೇರು ಮರ್ತಿರಬೇಕು" ಎಂದ ಒಬ್ಬ. ದೊಡ್ಡೀರಪ್ಪ ಹೌದೆಂಬಂತೆ ತಲೆಯಾಡಿಸಿದ. ಯಾಕೆ ಆಡಿಸಿದೆ ಎಂದು ಅವನಿಗೇ ತಿಳಿಯಲಿಲ್ಲ. ಭಾವನನ್ನು ಆಟೋದಲ್ಲಿ ಆಸ್ಪತ್ರೆಗೆ ಕಳಿಸಿ, ಗಾಡಿಯನ್ನು ಒಳಗೆ ತಳ್ಳಿಕೊಂಡು ಹೋಗಿ, ಮೊದಲು ಮಾಡಿದ ಕೆಲಸ ಕೊಂಡಿಯನ್ನು ಮತ್ತೆ ಮೇಲ್ಮುಖ ಮಾಡಿದ್ದು.

ಮರುದಿನ ದಾಸಣ್ಣ ಕೈಗೆ ಪಟ್ಟಿ ಹಾಕಿಸಿಕೊಂಡೇ ಗ್ಯಾರೇಜಿಗೆ ಬಂದ. ಎರಡನೇದಕ್ಕೆ ಒತ್ತಿದರೆ ಹಿಂದಕ್ಕೆ ಹಿಡಿಯಿತು, ಒಳಗೆ ಏನೋ ಕೆಟ್ಟಿರಬೇಕು ಎಂದ. ಸ್ಟ್ಯಾಂಡ್ ಹಾಕಿದ ಗಾಡಿಯ ಮೇಲೆ ಕೂತು, ಎತ್ತಿ ನೋಡಿದ, ಒತ್ತಿ ನೋಡಿದ. ಎಲ್ಲ ಹದಿನೆಂಟು ವರ್ಷ ಇದ್ದಂತೆಯೇ ಇತ್ತು. ಅವನ ಮುಖದ ಕಳೆ ಇಳಿಯಿತು. ತಪ್ಪು ನನ್ನದೇ ಎಂದು ಮೆಲ್ಲಗೆ ಹೇಳಿ ಇಳಿದ. ಎದುರಿಗೇ ನಿಂತಿದ್ದ ದೊಡ್ಡೀರಪ್ಪ ಎಣ್ಣೆ ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತಲೇ ಇದ್ದ.

ಕೈ ಮೂರು ತಿಂಗಳಲ್ಲಿ ಕೂಡಿಕೊಂಡಿತು. ಶಿವರಾತ್ರಿಯ ಹೊತ್ತಿಗೆ ತವರಿಗೆ ಬಂದ ಹೊನ್ನಕ್ಕ ತಮ್ಮನ ಹತ್ತಿರ ಮನಸ್ಸು ಬಿಚ್ಚಿದಳು.

"ನಿಮ್ ಭಾವಂಗೆ ತಲೆ ನಿಲ್ತಿಲ್ಲ ಅನ್ನೋ ಭಯ ಹೊಕ್ಕೈತೆ ಕಣೋ. ಬುಟ್ಟಾ ಹಾಕೋದು ಬಿಟ್ಟಾರೆ. ಎಳೆ ತಪ್ತೀನಿ ಅಂತ ಬರೀ ಸಾದಾ ಸೀರೆ ನೇಯ್ತಾರೆ."

ಸೀರೆಯಲ್ಲಿ ಹೂವು, ಹಕ್ಕಿ ಮೂಡಿಸುವ ಬುಟ್ಟಾ ಕೆಲಸಕ್ಕೆ ಮಗ್ಗದ ಓಣಿಯಲ್ಲೇ ದಾಸಣ್ಣನನ್ನು ಕೇಳಬೇಕು ಎನ್ನುತ್ತಿದ್ದರು.

ಮರುದಿನ ಬೆಳಗಿನ ಬಸ್ಸಿಗೆ ಅವನು ಮೊಳಕಾಲ್ಮೂರಿಗೆ ಹೋದ. ದಾಸಣ್ಣ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಮಗ್ಗದ ಮುಂದೆ ಕೂತಿದ್ದ. ದೊಡ್ಡೀರಪ್ಪ ನಿಂತೇ, ದೀಪಾವಳಿ ಕಳೆದ ಮೇಲೆ ಗೇರಿನ ಕೊಂಡಿ ತಿರುಗಿಸಿದ್ದನ್ನು ಹೇಳಿದ. ಲಾಳಿ ನಿಂತಿತು.

"ಮಾರನೇ ದಿನ ನಾನು ಒತ್ತಿ ನೋಡ್ದಾಗ ಸರಿ ಇತ್ತಲ್ಲ?"

"ನೀವು ಆಸ್ಪತ್ರೆಗೆ ಹೋದಾಗ ತಿರುಗಿಸಿಟ್ಟಿದ್ದೆ ಭಾವ."

ದಾಸಣ್ಣ ಮಗ್ಗಕ್ಕೆ ಬಿಗಿದಿದ್ದ ಹಾಸಿನ ಎಳೆಗಳ ಮೇಲೆ ಅಂಗೈ ಆಡಿಸಿದ.

"ಹಂಗಾರೆ ಅವತ್ತು ನನ್ನ ಮೋರೆ ನೋಡ್ಕೊಂಡೇ ನಿಂತಿದ್ದೆ ನೀನು."

ನಕ್ಕವರ ಮುಂದೆಯೂ ಇದನ್ನು ಹೇಳು ಎಂದಷ್ಟೇ ಹೇಳಿ ದಾಸಣ್ಣ ಮಗ್ಗದ ಕಡೆ ತಿರುಗಿದ.

ದೊಡ್ಡೀರಪ್ಪ ಹೇಳಿದ. ಯಾರ್ಡಿನ ಗೇಟಿನ ಬಳಿಯ ಚಹಾ ಅಂಗಡಿಯಲ್ಲಿ, ಕಿವಿ ಬಿಸಿಯಾಗುತ್ತಿದ್ದರೂ ಒಂದನ್ನೂ ಬಿಡದೆ ಹೇಳಿದ. ಕೆಲವರಿಗೆ ಆ ಬಿದ್ದ ಮನುಷ್ಯನ ನೆನಪೇ ಇರಲಿಲ್ಲ. ಒಬ್ಬ ಹಮಾಲ ಮಾತ್ರ ಲೋಟ ಕೆಳಗಿಟ್ಟು, ತನ್ನ ಗಾಡಿಗೂ ಹೀಗೇನಾದರೂ ಮಾಡಿದ್ದೀಯಾ ಎಂದು ಕೇಳಿದ. ಇಲ್ಲ ಎಂದರೂ ಅವನು ನಂಬಿದಂತೆ ಕಾಣಲಿಲ್ಲ.

ಯುಗಾದಿಗೆ ಹೊನ್ನಕ್ಕನ ಫೋನು ಬಂತು. ಭಾವ ಮತ್ತೆ ಬುಟ್ಟಾ ಹಿಡಿದಿದ್ದಾರೆ, ನವಿಲುಗಳಿರುವ ಸೀರೆ, ಒಂದೆಳೆಯೂ ತಪ್ಪಿಲ್ಲ ಎಂದಳು. ನೀನು ಸದ್ಯಕ್ಕೆ ಈ ಕಡೆ ಬರುವುದು ಬೇಡ ಎಂದು ಅವರು ಹೇಳಿದ್ದಾರೆ ಎಂದೂ ತಿಳಿಸಿದಳು. ದೊಡ್ಡೀರಪ್ಪ ಆಗಲಿ ಎಂದು ಫೋನಿಟ್ಟ.